ಮಾಂಸಾಹಾರಿ ಎಂದರೆ ಯಾರು?

‘ಹುಲಿ ಹಸಿದರೆ ಹುಲ್ಲು ತಿಂದೀತೆ?’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ವಾಸ್ತವವಾಗಿ ಹುಲಿಯೂ ಆಗಾಗ ನಾಲ್ಕು ಎಸಳು ಹುಲ್ಲನ್ನು ಕಡಿದು ನುಂಗುವುದುಂಟು. ಆದರೆ ಅದರಿಂದ ಅದರ ಹೊಟ್ಟೆ ತುಂಬುವುದಿಲ್ಲ. ಇತ್ತ ಹುಲ್ಲು ಮೇಯುವ ಸಾಧುಪ್ರಾಣಿಯಾದ ಜಿಂಕೆ, ಕಾಡಿನಲ್ಲಿ ಉದುರಿಬಿದ್ದ ಕೊಂಬುಗಳನ್ನು ಅಗಿದು ಸುಣ್ಣ ಮತ್ತು ರಂಜಕದ ಅಂಶಗಳನ್ನು ಪಡೆಯುತ್ತದೆ. ಹೀಗಿರುವಾಗ, ಪಾಠಶಾಲೆಯಲ್ಲಿ ನಾವೆಲ್ಲರೂ ಕಂಠಪಾಠ ಮಾಡಿದ ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಎಂಬ ಮೂರು ಶಬ್ದಗಳ ಖಚಿತವಾದ ಅರ್ಥವೇನು?

ಭೌತಶಾಸ್ತ್ರದಲ್ಲಿ ಬಲ, ಕೆಲಸ, ಶಕ್ತಿ ಮೊದಲಾದ ಶಬ್ದಗಳನ್ನು ಬಳಕೆಯ ಮಾತಿನಿಂದ ಬಿಡಿಸಿಕೊಂಡು ಒಂದೊಂದು ನಿಶ್ಚಿತಾರ್ಥದಲ್ಲಿ ನಿಲ್ಲಿಸುತ್ತೇವೆ. ಜೀವಶಾಸ್ತ್ರದ ಈ ಶಬ್ದಗಳ ವಿಷಯದಲ್ಲಿಯೂ ಅದೇ ಎಚ್ಚರಿಕೆ ಅವಶ್ಯಕ.

ಮೊದಲು ‘ಸಸ್ಯಾಹಾರಿ’ಯನ್ನೇ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಮಾಂಸವನ್ನು ವರ್ಜಿಸಿದ ಮನುಷ್ಯನಿಗೆ ‘ವೆಜಿಟೇರಿಯನ್’ ಎಂದೂ, ಹಸುವಿನಂಥ ಪ್ರಾಣಿಗೆ ‘ಹರ್ಬಿವೋರ್’ ಎಂದೂ ಎರಡು ಬೇರೆಬೇರೆ ಶಬ್ದಗಳಿವೆ. ಕನ್ನಡದಲ್ಲಿ ಇಬ್ಬರಿಗೂ ಒಂದೇ ಹೆಸರು. ಆದರೆ ಮನುಷ್ಯನದು ಆಚಾರ, ಹಸುವಿನದು ಶರೀರರಚನೆ. ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಹುಲ್ಲಿನ ಸೆಲ್ಯುಲೋಸನ್ನು ಒಡೆದುಕೊಡುತ್ತವೆ. ಕುರಿಯ ಕರುಳು ಅದರ ದೇಹದ ಉದ್ದದ 25 ಪಟ್ಟಿಗೂ ಮಿಗಿಲು. ಬೆಕ್ಕಿನದಾದರೋ ಸುಮಾರು 4 ಪಟ್ಟು ಮಾತ್ರ. ಜನ್ಮಾರಭ್ಯ ಮಾಂಸವನ್ನು ಮುಟ್ಟದ ಮನುಷ್ಯನೂ ಶರೀರರಚನೆಯಿಂದ ಮಿಶ್ರಾಹಾರಿಯೇ; ಹುಲ್ಲುಗಾವಲಿನಲ್ಲಿ ಬಿಟ್ಟರೆ ಅವನು ಉಪವಾಸ ಬೀಳುವನು. ಆದುದರಿಂದ ಹಸುವಿಗೆ ಪುಣ್ಯವನ್ನೂ ಹುಲಿಗೆ ಪಾಪವನ್ನೂ ಈ ಶಬ್ದಗಳ ಮೂಲಕ ಹಂಚಕೂಡದು.

ಎರಡನೆಯ ತೊಡಕು ‘ಮಾಂಸಾಹಾರಿ’ ಎಂಬಲ್ಲಿದೆ. ಸಸ್ತನಿಗಳಲ್ಲಿ ‘ಕಾರ್ನಿವೋರ’ ಎಂಬ ಒಂದು ಗಣವಿದೆ. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿನ ಅರ್ಥ ಮಾಂಸವನ್ನು ಕಬಳಿಸುವವು ಎಂದು. ಹುಲಿ, ನಾಯಿ, ಮುಂಗುಸಿ, ನೀರುನಾಯಿ, ಕರಡಿ ಇವೆಲ್ಲ ಈ ಗಣಕ್ಕೆ ಸೇರಿದುವು. ಇದು ವಂಶವನ್ನು ಸೂಚಿಸುವ ಹೆಸರೇ ಹೊರತು ಊಟವನ್ನು ಸೂಚಿಸುವುದಲ್ಲ. ಮೊಸಳೆ, ಹದ್ದು, ಜೇಡಗಳು ಮಾಂಸವನ್ನೇ ತಿಂದರೂ ಈ ಗಣದವಲ್ಲ. ಹಂಪೆಯ ನೆರೆಯಲ್ಲಿರುವ ದರೋಜಿಯ ಕರಡಿಧಾಮಕ್ಕೆ ಹೋದವರು ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಕಾಣಬಹುದು. ನಮ್ಮ ಕರಡಿ ಈ ಗಣದ್ದಾದರೂ ಗೆದ್ದಲು, ಇರುವೆ, ಜೇನು, ನೇರಳೆ, ಬೋರೆಹಣ್ಣುಗಳಿಂದ ಜೀವಿಸುತ್ತದೆ. ಅದರ ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳು ಇಲ್ಲವಾಗಿವೆ. ಆ ಸಂದಿಯ ಮೂಲಕ ಗೆದ್ದಲನ್ನು ಹೀರಿಕೊಳ್ಳುತ್ತದೆ. ಚೀನಾದೇಶದ ಪಾಂಡಾ ಇನ್ನೂ ವಿಚಿತ್ರ. ಅದರ ಆಹಾರವೆಲ್ಲ ಬಹುಪಾಲು ಬಿದಿರೇ. ಕರುಳು ಮಾತ್ರ ಪೂರ್ವಿಕರಿಂದ ಬಂದ ಮೋಟು ಕರುಳು. ತಿಂದ ಬಿದಿರಿನಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಜೀರ್ಣವಾಗುವುದರಿಂದ ದಿನದ ಬಹುಕಾಲ ಅಗಿಯುತ್ತಲೇ ಕುಳಿತಿರಬೇಕಾಗುತ್ತದೆ!

ಈ ಗೊಂದಲವನ್ನು ಕಳೆಯಲು ವಿಜ್ಞಾನಿಗಳು ಪ್ರಮಾಣವನ್ನು ಆಶ್ರಯಿಸಿದ್ದಾರೆ. ಆಹಾರದಲ್ಲಿ ಶೇಕಡ 70ಕ್ಕೆ ಮೇಲ್ಪಟ್ಟು ಮಾಂಸವಿದ್ದರೆ ಅತಿಮಾಂಸಾಹಾರಿ. 30ರಿಂದ 70ರವರೆಗೆ ಮಧ್ಯಮ. 30ಕ್ಕಿಂತ ಕಡಿಮೆಯಾದರೆ ಅಲ್ಪಮಾಂಸಾಹಾರಿ. ಬೆಕ್ಕು ಮೊದಲನೆಯ ಗುಂಪಿನದು. ಅಷ್ಟೇ ಅಲ್ಲ, ಮಾಂಸವನ್ನು ಬಿಟ್ಟು ಬದುಕಲಾರದ ಅನಿವಾರ್ಯ ಮಾಂಸಾಹಾರಿಯೂ ಹೌದು.

ಇದು ಬರಿಯ ಶಬ್ದಚರ್ಚೆಯಲ್ಲ. ಟಾರೀನ್ ಎಂಬ ಪದಾರ್ಥ ಕಣ್ಣಿಗೂ ಹೃದಯಕ್ಕೂ ಅಗತ್ಯ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಲಾರದು, ಮಾಂಸದಿಂದಲೇ ಪಡೆಯಬೇಕು. ಹಾಲಿನ ಕೇಸೀನನ್ನೇ ಪ್ರೋಟೀನಾಗಿ ಕೊಟ್ಟು ಸಾಕಿದ ಬೆಕ್ಕುಗಳ ಅಕ್ಷಿಪಟ ಕ್ಷಯಿಸುವುದಕ್ಕೆ ಟಾರೀನಿನ ಕೊರತೆಯೇ ಕಾರಣವೆಂದು 1975ರಲ್ಲಿ ತಿಳಿದುಬಂದಿತು. ಅದೇ ಕೊರತೆಯಿಂದ ಹೃದಯವೂ ಸೋಲುವುದೆಂದು 1987ರಲ್ಲಿ ಗೊತ್ತಾಯಿತು. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನವನ್ನು ಹಾಕುವ ರೂಢಿಯಿದೆ. ಹಳ್ಳಿಯ ಬೆಕ್ಕು ಇಲಿಗಳನ್ನು ಹಿಡಿದು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಪಟ್ಟಣದ ಮನೆಯೊಳಗೆ ಕೂಡಿಹಾಕಿದ ಬೆಕ್ಕಿಗೆ ಆ ದಾರಿಯಿಲ್ಲ. ಪ್ರೀತಿಯಿಂದಲೇ ಬಡಿಸಿದ ಹಾಲನ್ನ ಅದರ ಕಣ್ಣನ್ನು ಕಳೆಯಬಹುದು. ಅದೇ ಗಣದ ನಾಯಿಯಾದರೋ ಮನುಷ್ಯರೊಡನೆ ಸಹಸ್ರಾರು ವರ್ಷ ಬಾಳಿ, ಅನ್ನ ರೊಟ್ಟಿಗಳ ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಗಳಿಸಿಕೊಂಡಿದೆ.

ಇನ್ನು ಕೀಟಾಹಾರಿ, ಮತ್ಸ್ಯಾಹಾರಿ, ಫಲಾಹಾರಿ ಎಂಬ ಶಬ್ದಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ‘ಶವಾಹಾರಿ’ ಎಂಬಲ್ಲಿ ಮಾತ್ರ ನಾವು ಮುಖವನ್ನು ತಿರುಗಿಸುತ್ತೇವೆ. ಆ ಹೆಸರಿಗೆ ಅಂಟಿದ ಹೇಸಿಗೆಯಿಂದಲೋ ಏನೋ, ರಣಹದ್ದುಗಳು ಕಣ್ಮರೆಯಾಗತೊಡಗಿದಾಗ ಬಹುಮಂದಿ ಅದನ್ನು ಗಮನಿಸಲಿಲ್ಲ. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡ 99ಕ್ಕೂ ಹೆಚ್ಚು ಅಳಿದುಹೋದುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನ್ಯಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುವುದೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ನಮ್ಮ ಸರ್ಕಾರ ದನಗಳಿಗೆ ಆ ಔಷಧವನ್ನು ಕೊಡುವುದನ್ನು ನಿಷೇಧಿಸಿತು. ಹದ್ದುಗಳಿಲ್ಲದ ಕಡೆ ಸತ್ತ ದನಗಳು ಬಯಲಿನಲ್ಲಿ ಕೊಳೆತುವು. ಊರನ್ನು ಚೊಕ್ಕಟವಾಗಿಡುತ್ತಿದ್ದವರು ಯಾರೆಂಬುದು ಅವರು ಹೋದಮೇಲೆ ತಿಳಿಯಿತು.

ಪ್ರಾಣಿಯ ಊಟದ ಹೆಸರನ್ನು ಬರೆಯುವಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ವಂಶದ ಮಾತೇ, ಊಟದ ಮಾತೇ? ಊಟದ್ದಾದರೆ ಎಷ್ಟು ಪಾಲು? ಅದು ಸಿಕ್ಕದಿದ್ದರೆ ಆ ಪ್ರಾಣಿ ಬದುಕೀತೇ? ಮೂರನೆಯ ಪ್ರಶ್ನೆಗೆ ಉತ್ತರ ತಿಳಿದವನು ಮನೆಯ ಬೆಕ್ಕನ್ನೂ ಕಾಡಿನ ಹುಲಿಯನ್ನೂ ಸರಿಯಾಗಿ ಕಾಪಾಡಬಲ್ಲನು.