ಮನೆಮಂದಿಗಾಗಿ ನಿಂಬೆ: ಚಿತ್ರಾನ್ನದಿಂದ ಕೇಕಿನವರೆಗೆ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಒಂದೇ ಊಟಕ್ಕೆ ಮೂರು ತಲೆಮಾರಿನವರು ಕೂಡಿ ಕುಳಿತುಕೊಳ್ಳುವುದುಂಟು. ಉಪ್ಪನ್ನು ಕಡಿಮೆ ಮಾಡಬೇಕೆಂದು ವೈದ್ಯರಿಂದ ಹೇಳಿಸಿಕೊಂಡ ಹಿರಿಯರು, ಬೆಳಗಿನ ಲೋಕಲ್ ಹಿಡಿಯುವ ಅವಸರದಲ್ಲಿ ಡಬ್ಬಿ ಕಟ್ಟಿಕೊಳ್ಳುವ ನಡುವಯಸ್ಸಿನವರು, ಸಂಜೆಗೆ ಕೇಕ್ ಬೇಕೆಂದು ಹಟ ಹಿಡಿಯುವ ಮಕ್ಕಳು. ಈ ಮೂವರನ್ನೂ ಒಂದೇ ಅಡುಗೆಮನೆಯಿಂದ ತೃಪ್ತಿಪಡಿಸುವುದು ಸುಲಭದ ಕೆಲಸವಲ್ಲ. ಆದರೆ ಮೂವರ ತಟ್ಟೆಗೂ ಸಲ್ಲುವ ಪದಾರ್ಥವೊಂದಿದೆ, ಅದು ನಿಂಬೆಹಣ್ಣು. ಅದರ ಗುಣವನ್ನು ಅರಿತು ಬಳಸಿದರೆ ಎಷ್ಟು ಅನುಕೂಲ, ಅರಿಯದೆ ಬಳಸಿದರೆ ಏಕೆ ಕಹಿ ಎಂಬುದನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಮೈಸೂರಿನ ಕಡೆಯವರಿಗೆ ನಿಂಬೆ, ಕರಾವಳಿಯವರಿಗೆ ಲಿಂಬೆ, ಉತ್ತರ ಕರ್ನಾಟಕದವರಿಗೆ ಲಿಂಬಿಹಣ್ಣು. ನಮ್ಮ ನೆರೆಯ ಮರಾಠಿ ಮಿತ್ರರು ಇದನ್ನೇ ಕಾಗದಿ ಲಿಂಬು ಎನ್ನುತ್ತಾರೆ. ಸಿಪ್ಪೆ ಕಾಗದದಂತೆ ತೆಳುವಾಗಿರುವುದರಿಂದ ಬಂದ ಹೆಸರು ಅದು. ಸಸ್ಯಶಾಸ್ತ್ರದಲ್ಲಿ ಇದು ಸಿಟ್ರಸ್ ಔರಾಂಟಿಫೋಲಿಯಾ. ಇಂಗ್ಲಿಷಿನವರು ಲೈಮ್ ಎಂದು ಕರೆಯುವುದು ಇದನ್ನೇ. ಪಾಶ್ಚಾತ್ಯ ಪಾಕಪುಸ್ತಕಗಳಲ್ಲಿ ಬರುವ ಲೆಮನ್ ಬೇರೆ ಜಾತಿ, ಅದು ಸಿಟ್ರಸ್ ಲಿಮಾನ್. ಅದರ ಗಾತ್ರ ದೊಡ್ಡದು, ಸಿಪ್ಪೆ ದಪ್ಪ, ತುದಿ ಮೊಲೆತೊಟ್ಟಿನಂತೆ ಚೂಪು. ಇವೆರಡಕ್ಕೂ ಹುಳಿಯಲ್ಲಿ ಹೆಚ್ಚಿನ ಅಂತರವಿಲ್ಲ. ರಸದ ನೂರು ಪಾಲಿನಲ್ಲಿ ಸುಮಾರು 5ರಿಂದ 6 ಪಾಲು ಸಿಟ್ರಿಕ್ ಆಮ್ಲ. ಅಂತರವಿರುವುದು ಪ್ರಮಾಣದಲ್ಲಿ. ದೊಡ್ಡ ಲೆಮನ್ ಒಂದು 40–45 ಮಿಲಿಲೀಟರ್ ರಸ ಕೊಟ್ಟರೆ ನಮ್ಮ ಮಾರುಕಟ್ಟೆಯ ನಿಂಬೆ 15–20 ಮಿಲಿಲೀಟರ್ ಕೊಟ್ಟರೆ ಹೆಚ್ಚು. ಪುಸ್ತಕದಲ್ಲಿ ಒಂದು ಲೆಮನ್ ಎಂದಿರುವಲ್ಲಿ ನಮ್ಮದು ಎರಡೋ ಮೂರೋ ಬೇಕಾಗುತ್ತದೆ.

ನಿಂಬೆಯ ಮಾತು ಬಂದಾಗ ವಿಜಯಪುರ ಜಿಲ್ಲೆಯ ಇಂಡಿಯನ್ನು ನೆನೆಯದಿರಲಾಗದು. ಸೊಲ್ಲಾಪುರದಿಂದ ವಿಜಯಪುರದ ಕಡೆಗೆ ರೈಲಿನಲ್ಲಿ ಹೋಗುವವರು ಇಂಡಿ ರೋಡ್ ನಿಲ್ದಾಣವನ್ನು ದಾಟಿಯೇ ಹೋಗುತ್ತಾರೆ. ಆ ಒಣಸೀಮೆಯ ನಿಂಬೆಗೆ ಇಂದು ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಮಳೆ ಕಡಿಮೆಯಾದ ನೆಲದಲ್ಲಿ ಇಷ್ಟು ರಸ ತುಂಬಿದ ಹಣ್ಣು ಬೆಳೆಯುವುದು ಸೋಜಿಗವೇ ಸರಿ.

ಇನ್ನು ಚಿತ್ರಾನ್ನಕ್ಕೆ ಬರೋಣ. ಹೊರನಾಡಿನ ಕನ್ನಡಿಗರ ಡಬ್ಬಿಯಲ್ಲಿ ಇದಕ್ಕಿಂತ ಹೆಚ್ಚು ಪಯಣಿಸಿದ ತಿನಿಸು ಇರಲಾರದು. ಆದರೂ ಬೆಳಗ್ಗೆ ಮನೆಯಲ್ಲಿ ಸೊಗಸಾಗಿದ್ದ ಚಿತ್ರಾನ್ನ ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ತೆರೆಯುವ ವೇಳೆಗೆ ಕಹಿಯಾಗಿರುತ್ತದೆ ಎಂಬ ದೂರು ಸಾಮಾನ್ಯ. ಅನೇಕರು ಇದಕ್ಕೆ ಮೆಂತ್ಯವನ್ನೋ ಅರಿಸಿನವನ್ನೋ ದೂಷಿಸುತ್ತಾರೆ. ನಿಜವಾದ ಕಾರಣ ನಿಂಬೆಯೊಳಗೇ ಇದೆ. ಹಣ್ಣಿನ ಬೀಜದಲ್ಲಿಯೂ ಸಿಪ್ಪೆಯೊಳಗಿನ ಬಿಳಿ ಪದರದಲ್ಲಿಯೂ, ತೊಳೆಗಳ ಪೊರೆಯಲ್ಲಿಯೂ ಕಹಿಯಿಲ್ಲದ ವಸ್ತುವೊಂದಿರುತ್ತದೆ. ಹಣ್ಣನ್ನು ಹಿಂಡಿದಾಗ ಅದು ಹುಳಿರಸದೊಡನೆ ಬೆರೆತು, ಹೊತ್ತು ಕಳೆದಂತೆ ಲಿಮೋನಿನ್ ಎಂಬ ಕಹಿ ಪದಾರ್ಥವಾಗಿ ಮಾರ್ಪಡುತ್ತದೆ. ಬಿಸಿ ತಗುಲಿದರೆ ಈ ಬದಲಾವಣೆ ಇನ್ನೂ ಬೇಗ. ಹಿಂಡಿದ ಕೂಡಲೇ ನಾಲಿಗೆಗೆ ತಿಳಿಯದ ಕಹಿ ನಾಲ್ಕು ಗಂಟೆಯ ನಂತರ ತಿಳಿಯುವುದು ಈ ಕಾರಣದಿಂದಲೇ.

ಪರಿಹಾರವನ್ನು ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದದೆಯೇ ಕಂಡುಕೊಂಡಿದ್ದರು. ಹಣ್ಣನ್ನು ಅಂಗೈಯಡಿ ಹೊರಳಿಸಿ ಮೆದು ಮಾಡಿ, ಅಡ್ಡಲಾಗಿ ಕೊಯ್ದು, ಬೀಜ ತೆಗೆದು, ಹಗುರವಾಗಿ ಹಿಂಡಬೇಕು. ಕೊನೆಯ ಹನಿಗಾಗಿ ಸಿಪ್ಪೆಯನ್ನು ತಿರುಚಿ ಹಿಂಡುವುದು ಮಿತವ್ಯಯವಲ್ಲ. ಅದರಿಂದ ಇಳಿಯುವುದು ರಸಕ್ಕಿಂತ ಹೆಚ್ಚಾಗಿ ಕಹಿ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿರಬೇಕು. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನಗಳ ಒಗ್ಗರಣೆ ಸಿದ್ಧವಾದೊಡನೆ ಒಲೆ ಆರಿಸಿ ಅನ್ನಕ್ಕೆ ಬೆರೆಸಬೇಕು. ಉಪ್ಪನ್ನು ನಿಂಬೆರಸದಲ್ಲಿ ಕರಗಿಸಿಟ್ಟುಕೊಂಡು ಎಲ್ಲಕ್ಕಿಂತ ಕೊನೆಗೆ ಸಿಂಪಡಿಸಿ ಕಲಸಿದರೆ ಉಪ್ಪೂ ಹುಳಿಯೂ ಅಗುಳಗುಳಿಗೆ ಹತ್ತುತ್ತವೆ. ಒಂದು ಪಾವು ಅಕ್ಕಿಯ ಅನ್ನಕ್ಕೆ ರಸಭರಿತವಾದ ಹಣ್ಣು ಒಂದು, ಹೆಚ್ಚೆಂದರೆ ಒಂದೂವರೆ ಸಾಕು. ಮಧ್ಯಾಹ್ನದ ಡಬ್ಬಿಗಾದರೆ ಬೀಜದ ತುಣುಕೂ ಬೀಳದಂತೆ ರಸವನ್ನು ಸೋಸಿಕೊಳ್ಳುವುದು ಕ್ಷೇಮ.

ನಿಂಬೆ ಸಾರಿಗೂ ಇದೇ ನಿಯಮ. ತೊಗರಿಬೇಳೆಯ ಕಟ್ಟು, ಶುಂಠಿ, ಹಸಿಮೆಣಸು, ಜೀರಿಗೆ ಎಲ್ಲ ಕುದಿದು ಪಾತ್ರೆ ಕೆಳಗಿಳಿದ ಮೇಲೆಯೇ ರಸ ಹಿಂಡಬೇಕು. ಕುದಿಸಿದರೆ ಕಹಿಯಾಗುವುದಷ್ಟೇ ಅಲ್ಲ, ಪರಿಮಳ ಆವಿಯಾಗುತ್ತದೆ, ಸಿ ಜೀವಸತ್ವವೂ ಒಂದಿಷ್ಟು ನಷ್ಟವಾಗುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾ ವೈದ್ಯ, ಸ್ಕರ್ವಿ ರೋಗದಿಂದ ಒಸಡು ಕೊಳೆಯುತ್ತಿದ್ದ ನಾವಿಕರಿಗೆ ಕಿತ್ತಳೆ ಮತ್ತು ನಿಂಬೆಯನ್ನು ಕೊಟ್ಟು ಗುಣಪಡಿಸಿದ್ದು ಪ್ರಸಿದ್ಧ ಸಂಗತಿ. ಹಣ್ಣಿನಲ್ಲಿರುವ ಆ ಗುಣ ಸಿ ಜೀವಸತ್ವದ್ದೆಂದು ಲೋಕಕ್ಕೆ ತಿಳಿದದ್ದು 20ನೆಯ ಶತಮಾನದಲ್ಲಿ. ಸೊಪ್ಪು, ಬೇಳೆ, ರಾಗಿಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳಲು ಈ ಜೀವಸತ್ವ ನೆರವಾಗುತ್ತದೆ. ಆದ್ದರಿಂದ ರಕ್ತಹೀನತೆಯುಳ್ಳ ಹೆಣ್ಣುಮಕ್ಕಳ ಪಲ್ಯ ಕೋಸಂಬರಿಗಳ ಮೇಲೆ ನಾಲ್ಕು ಹನಿ ಹಸಿ ನಿಂಬೆ ಬೀಳುವುದು ಒಳ್ಳೆಯದು. ಬೆಳಗ್ಗೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಮಾತ್ರ ನಮ್ಮ ಸಮ್ಮತಿಯಿಲ್ಲ. ಸಕ್ಕರೆ ಹಾಕಿದ ಚಹಾ ಬಿಟ್ಟು ಅದನ್ನು ಕುಡಿದವರಿಗೆ ಸಕ್ಕರೆ ಬಿಟ್ಟದ್ದರ ಲಾಭ ಸಿಕ್ಕೀತು, ಅಷ್ಟೇ.

ಈಗ ಹಿರಿಯರ ತಟ್ಟೆಯ ವಿಷಯ. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಗಂಭೀರವಾದುದು. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಚಹಾ ಚಮಚಕ್ಕೂ ಕಡಿಮೆ. ರಕ್ತದೊತ್ತಡವಿರುವ ಹಿರಿಯರಿಗೆ ಪ್ರತ್ಯೇಕ ಪಾತ್ರೆಯಲ್ಲಿ ಸಪ್ಪೆ ಸಾರು, ಸಪ್ಪೆ ಪಲ್ಯ ಮಾಡಿ ಬಡಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದರ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎಂಬತ್ತು ದಾಟಿದ ಜೀವ ಎರಡು ತುತ್ತು ಉಂಡು ಕೈ ತೊಳೆಯುತ್ತದೆ, ತಾನೀಗ ಈ ಮನೆಯ ಊಟಕ್ಕೆ ಸೇರಿದವನಲ್ಲ ಎಂಬ ಭಾವನೆಯೂ ಒಳಗೆ ಬೇರೂರುತ್ತದೆ. ತೂಕ ಇಳಿಯುತ್ತದೆ, ಮಾತು ಕಡಿಮೆಯಾಗುತ್ತದೆ. ಒತ್ತಡ ಹತೋಟಿಗೆ ಬಂದರೂ ಮನುಷ್ಯ ಬಾಡುತ್ತಾನೆ.

ಹುಳಿಗೆ ಒಂದು ಗುಣವಿದೆ: ಅದು ನಾಲಿಗೆಯ ಮೇಲೆ ಉಪ್ಪಿನ ರುಚಿಯನ್ನು ಎತ್ತಿ ತೋರಿಸುತ್ತದೆ. ಸಾರಿಗೆ ಹಾಕುವ ಉಪ್ಪಿನಲ್ಲಿ ಕಾಲುಭಾಗ ಕಡಿಮೆ ಮಾಡಿ, ಬಡಿಸುವಾಗ ತಾಜಾ ನಿಂಬೆ ಹಿಂಡಿದರೆ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ಕೆಲವು ವಾರಗಳಲ್ಲಿ ನಾಲಿಗೆಯೂ ಒಗ್ಗಿಕೊಳ್ಳುತ್ತದೆ. ಹೀಗೆ ಮನೆಮಂದಿಗೆಲ್ಲ ಒಂದೇ ಅಡುಗೆ ಮಾಡಿ, ಹೆಚ್ಚು ಉಪ್ಪು ಬೇಕೆನ್ನುವವರಿಗೆ ಮೇಲಿನಿಂದ ಬಡಿಸುವುದು ಮೇಲು. ನಮ್ಮ ಮನೆಯಲ್ಲಿ ಅತ್ತೆಯವರಿಗಾಗಿ ಈ ಕ್ರಮವನ್ನು ಅನುಸರಿಸಿದ ಮೇಲೆ ಅವರು ಮತ್ತೆ ಎಲ್ಲರೊಡನೆ ಕುಳಿತು, ಎರಡನೆಯ ಸಲ ಸಾರು ಬಡಿಸಿರೆಂದು ಕೇಳುವಂತಾದರು. ಕೋಸಂಬರಿಗೆ ಉಪ್ಪು ನಿಂಬೆಗಳನ್ನು ಬಡಿಸುವ ಗಳಿಗೆಯಲ್ಲೇ ಬೆರೆಸಬೇಕು. ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟು ರುಚಿ ತೆಳುವಾಗಿ, ಮತ್ತೆ ಉಪ್ಪು ಹಾಕುವ ಮನಸ್ಸಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ನಿಂಬೆಗೆ ಆ ಭಯವಿಲ್ಲ. ಎದೆಯುರಿ ಇರುವವರು ಮಾತ್ರ ಮಿತಿಯಲ್ಲಿರಬೇಕು.

ಆದರೆ ನಿಂಬೆಯ ಉಪ್ಪಿನಕಾಯಿಯ ಲೆಕ್ಕ ಬೇರೆ. ಬ್ಯಾಂಕಿನಲ್ಲಿ ಅಂಕಿಗಳೊಡನೆ ಬದುಕು ಸವೆಸಿದ ನಮಗೆ ಈ ಲೆಕ್ಕ ಮಾಡದಿರಲಾಗಲಿಲ್ಲ. ಹಣ್ಣಿನ ತೂಕದ ಐದನೆಯ ಒಂದು ಭಾಗ ಉಪ್ಪು ಹಾಕಿದ ಉಪ್ಪಿನಕಾಯಿಯಲ್ಲಿ 15 ಗ್ರಾಂ ಬಡಿಸಿಕೊಂಡರೆ ಹೊಟ್ಟೆಗೆ ಹೋಗುವ ಉಪ್ಪು ಎರಡೂವರೆ ಗ್ರಾಂ, ಅಂದರೆ ಇಡೀ ದಿನದ ಮಿತಿಯ ಅರ್ಧ! ಹಿರಿಯರಿಗೆ ಹೋಳಿನ ಬದಲು ರಸವನ್ನು ಬೆರಳ ತುದಿಯಷ್ಟು ಸವರಿದರೆ ಸಾಕು.

ಮಕ್ಕಳ ಕೇಕಿಗೆ ಬರೋಣ. ಇಲ್ಲಿ ತಿಳಿದಿರಬೇಕಾದದ್ದು ಒಂದೇ: ರಸ ಕೊಡುವುದು ಹುಳಿ, ಪರಿಮಳ ಕೊಡುವುದು ಸಿಪ್ಪೆ. ಸಿಪ್ಪೆಯ ಹೊರಮೈಯಲ್ಲಿ ಕಾಣುವ ಸಣ್ಣ ಚುಕ್ಕೆಗಳು ಸುಗಂಧ ತೈಲದ ಚೀಲಗಳು. ಕೊಯ್ಯುವ ಮೊದಲೇ ಇಡೀ ಹಣ್ಣನ್ನು ತೊಳೆದು ಒರೆಸಿ ಸಣ್ಣ ತುರಿಯುವ ಮಣೆಯ ಮೇಲೆ ಹಗುರವಾಗಿ ಆಡಿಸಬೇಕು. ನಮ್ಮ ನಿಂಬೆಯ ಸಿಪ್ಪೆ ತೆಳು, ತುಸು ಒತ್ತಿದರೂ ಬಿಳಿ ಪದರ ಬಂದು ಕಹಿಯಾಗುತ್ತದೆ. ಮೂರು ಹಣ್ಣಿನ ತುರಿಯನ್ನು ಮುಕ್ಕಾಲು ಕಪ್ ಸಕ್ಕರೆಯೊಡನೆ ಬೆರಳಿನಿಂದ ಉಜ್ಜಿದರೆ ಎಣ್ಣೆ ಸಕ್ಕರೆಗೆ ಹತ್ತಿ ಮನೆಯೆಲ್ಲ ಘಮಘಮಿಸುತ್ತದೆ. ಅದಕ್ಕೆ ಒಂದು ಕಪ್ ಮೊಸರು, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಎರಡು ದೊಡ್ಡ ಚಮಚ ನಿಂಬೆರಸ ಬೆರೆಸಿ, ಒಂದೂವರೆ ಕಪ್ ಮೈದಾ, ಒಂದು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಜರಡಿ ಹಿಡಿದು ಸೇರಿಸಬೇಕು. ಮೊಟ್ಟೆ ಬೇಡ. ಹುಳಿ ಸೋಡಾದೊಡನೆ ಸೇರಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳೇ ಕೇಕನ್ನು ಉಬ್ಬಿಸುತ್ತವೆ. ಆ ಗುಳ್ಳೆಗಳು ಕಲಸಿದ ಕ್ಷಣದಿಂದಲೇ ಹೊರಡುವುದರಿಂದ ಹಿಟ್ಟನ್ನು ಕಾಯಿಸದೆ, ಅತಿಯಾಗಿ ಕಲಸದೆ ಕೂಡಲೇ ಒಲೆಗೇರಿಸಬೇಕು. ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35–40 ನಿಮಿಷ. ಓವನ್ ಇಡಲು ಜಾಗವಿಲ್ಲದ ಮನೆಗಳವರು ದಪ್ಪ ತಳದ ಅಲ್ಯುಮಿನಿಯಂ ಕುಕ್ಕರಿನ ಗ್ಯಾಸ್ಕೆಟ್, ಸೀಟಿಗಳನ್ನು ತೆಗೆದು, ತಳದಲ್ಲಿ ಉಪ್ಪು ಹರಡಿ ಕಾಯಿಸಿ, ಅದರೊಳಗೆ ಕೇಕಿನ ಡಬ್ಬಿಯನ್ನು ಸಣ್ಣ ಉರಿಯಲ್ಲಿ ಇಟ್ಟರೂ ಆದೀತು.

2022ರ ಏಪ್ರಿಲಿನಲ್ಲಿ ಹಣ್ಣೊಂದಕ್ಕೆ ಹತ್ತು ರೂಪಾಯಿ ಮೀರಿದ್ದನ್ನು ಗೃಹಿಣಿಯರು ಮರೆತಿರಲಾರರು. ಬೇಸಿಗೆಯಲ್ಲಿ ಬೆಲೆ ಏರುವುದು ವಾಡಿಕೆ, ಆಗ ಬೇಡಿಕೆ ಹೆಚ್ಚು, ಫಸಲು ಕಡಿಮೆ. ಮಳೆಗಾಲದಲ್ಲಿ ಅಗ್ಗವಾದಾಗ ಗಾತ್ರಕ್ಕಿಂತ ಭಾರವೆನಿಸುವ, ನುಣುಪು ಸಿಪ್ಪೆಯ ಹಣ್ಣುಗಳನ್ನು ಆರಿಸಿ, ಬೀಜ ಸೋಸಿದ ರಸವನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಮುಚ್ಚಿದ ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ಶರಬತ್ತಿಗೂ ಸಾರಿಗೂ ಅದು ಸಾಕು. ಕೋಸಂಬರಿಗೆ ಮಾತ್ರ ಆಗತಾನೆ ಕೊಯ್ದ ಹಣ್ಣೇ ಆಗಬೇಕು.