ನಟನೂ ಇದಿರು ನಟನೂ

ಬರೆದುಕೊಟ್ಟ ಮಾತನ್ನು ಬಾಯಿಪಾಠ ಮಾಡಿ, ಬಣ್ಣ ಹಚ್ಚಿಕೊಂಡು, ಭಾವಪೂರ್ಣವಾಗಿ ಒಪ್ಪಿಸುವುದೇ ಅಭಿನಯವೆಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಕಾಲೇಜಿನ ನಾಟಕಗಳನ್ನು ನೋಡಿದರೆ ಸಾಕು: ತನ್ನ ಪಾತ್ರದ ಮಾತುಗಳನ್ನಷ್ಟೇ ನಕಲು ಮಾಡಿಕೊಂಡ ಹುಡುಗ, ಇದಿರಿನವನ ಕೊನೆಯ ಶಬ್ದ ಯಾವಾಗ ಬಂದೀತೆಂದು ಕಿವಿ ನಿಮಿರಿಸಿ ನಿಂತಿರುತ್ತಾನೆ. ಅವನು ಕಾಯುತ್ತಾನೆಯೇ ಹೊರತು ಕೇಳುವುದಿಲ್ಲ.

ಭರತನು ನಾಟ್ಯಶಾಸ್ತ್ರದಲ್ಲಿ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕು ವಿಧದ ಅಭಿನಯಗಳನ್ನು ಹೇಳಿರುವುದು ಸರ್ವವಿದಿತ. ಇವುಗಳಲ್ಲಿ ವಾಚಿಕವೊಂದನ್ನೇ ತೆಗೆದುಕೊಂಡು, ಅದು ರಂಗದ ಮೇಲೆ ಹುಟ್ಟುವ ಬಗೆಯನ್ನು ಕಾಣಬೇಕಾದರೆ ನಮ್ಮ ಕರಾವಳಿ, ಮಲೆನಾಡುಗಳ ಯಕ್ಷಗಾನವನ್ನು ನೋಡಬೇಕು. ಅಲ್ಲಿ ಸಂಪ್ರದಾಯದಂತೆ ಬರೆಹದಲ್ಲಿರುವುದು ಪ್ರಸಂಗದ ಪದ್ಯ ಮಾತ್ರ. ಭಾಗವತರು ಅದನ್ನು ಹಾಡಿ ನಿಲ್ಲಿಸಿದ ಮೇಲೆ ವೇಷಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳಬೇಕು. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಮಾತಿನಿಂದ ಪಾತ್ರವನ್ನು ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂತಹ ಪಾತ್ರಗಳಿಗೆ ಹೆಸರು ಪಡೆದುದು ಈ ಬಲದಿಂದ.

ವಾಲಿವಧೆಯನ್ನೇ ನೋಡಿ. ಕಥೆ ಸಭೆಗೆಲ್ಲ ಗೊತ್ತು, ವಾಲಿ ಸಾಯಲೇಬೇಕು. ಆದರೆ ಈ ರಾತ್ರಿ ವಾಲಿ ಯಾವ ಕಡೆಯಿಂದ ಪ್ರಶ್ನೆಯೆತ್ತುವನೆಂದು ರಾಮನ ಪಾತ್ರಧಾರಿಗೆ ಗೊತ್ತಿಲ್ಲ. ಮರೆಯಲ್ಲಿ ನಿಂತು ಬಾಣ ಬಿಡುವುದು ಕ್ಷತ್ರಿಯಧರ್ಮವೇ ಎಂದು ಕೇಳಬಹುದು. ಇಲ್ಲವೆ, ಹೆಂಡತಿಯನ್ನು ಕಳೆದುಕೊಂಡು ಅಲೆಯುವ ನೀನೇ ನನ್ನ ತಾರೆಯನ್ನು ವಿಧವೆ ಮಾಡಿದೆಯಲ್ಲ ಎನ್ನಬಹುದು. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ಇದು ದಂಡನೆ ಎಂಬ ಸಿದ್ಧ ಉತ್ತರ ಮೊದಲನೆಯದಕ್ಕೆ ಸಂದೀತು, ಎರಡನೆಯದಕ್ಕೆ ಸಾಲದು. ಅಲ್ಲಿ ರಾಮನು ಕ್ಷಣಕಾಲ ಸುಮ್ಮನಿದ್ದರೂ ಅದು ಅಭಿನಯವೇ. ಆ ಮೌನವನ್ನು ಅವನ ಕೈಗೆ ಕೊಟ್ಟವನು ವಾಲಿ. (ಬರೆದ ನಾಟಕದಲ್ಲಿಯೂ ಇದಿರಿನವನ ದನಿ ದಿನಕ್ಕೊಂದು ಬಗೆಯಾಗಿರುತ್ತದೆ. ತಾಲೀಮಿನಲ್ಲಿ ಒಮ್ಮೊಮ್ಮೆ ಮಾತನ್ನು ಬದಲಿಸಿ ಹೇಳಿ ನೋಡಲಿ. ಯಾರು ಕೇಳುತ್ತಿದ್ದರೆಂಬುದು ಆಗ ತಿಳಿಯುತ್ತದೆ.)

ಇನ್ನು ಸಭೆ. ಪುರಾಣ ಬಲ್ಲ ಶ್ರೋತೃಗಳಿಲ್ಲದೆ ಈ ಅರ್ಥಗಾರಿಕೆ ಬೆಳೆಯುತ್ತಿರಲಿಲ್ಲ. ಸೂಕ್ಷ್ಮವಾದ ಮಾತಿಗೆ ತಲೆದೂಗುವವರಿದ್ದರೆ ಮಾತೂ ಸೂಕ್ಷ್ಮವಾಗುತ್ತದೆ. ಆದರೆ ಅದೇ ಸಭೆ ಕಲಾವಿದನನ್ನು ಕೆಡಿಸಲೂ ಬಲ್ಲದು. ಹಿಂದೆ ವೃತ್ತಿನಾಟಕ ಕಂಪೆನಿಗಳಲ್ಲಿ 'ವನ್ಸ್ ಮೋರ್' ಎಂಬ ಕೂಗಿಗೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು. ಚಪ್ಪಾಳೆಯ ರುಚಿ ಹತ್ತಿದ ವಾಲಿಯೂ ಹಾಗೆಯೇ. ಎದೆಯಲ್ಲಿ ಬಾಣ ನಟ್ಟಿರುವುದನ್ನೇ ಮರೆತು ವಕೀಲನಂತೆ ವಾದಿಸತೊಡಗುತ್ತಾನೆ. ವಾದದಲ್ಲಿ ಅವನು ಗೆದ್ದರೂ ಸಾಯುತ್ತಿರುವ ಒಬ್ಬ ಅಣ್ಣ, ಒಬ್ಬ ತಂದೆ ನಮ್ಮ ಕಣ್ಣಿಂದ ಮರೆಯಾಗುತ್ತಾನೆ. ಇದಕ್ಕೆ ತಡೆ ಭಾಗವತರ ಕೈಯಲ್ಲಿದೆ. ಸಮಯವರಿತು ಅವರು ಮುಂದಿನ ಪದ್ಯವನ್ನು ಎತ್ತಿಕೊಂಡರೆಂದರೆ, ಎಷ್ಟೇ ವಾದ ಉಳಿದಿರಲಿ, ವಾಲಿ ಮಾತು ನಿಲ್ಲಿಸಬೇಕು.