ಜೇಬಿಗೆ ಭಾರವಾಗದ ಭಾನುವಾರ: ದಟ್ಟಗಳ್ಳಿಯಿಂದ ಮಕ್ಕಳೊಂದಿಗೆ ಹೊರಡುವ ಮುನ್ನ

ಮೈಸೂರು: ರಜೆ ಬಂತೆಂದರೆ ಮಕ್ಕಳಿಗೆ ಸಂಭ್ರಮ, ಪೋಷಕರಿಗೆ ಲೆಕ್ಕಾಚಾರ. ವಾರವಿಡೀ ಶಾಲೆ, ಮನೆಪಾಠ ಹಾಗೂ ಮೊಬೈಲ್ ಪರದೆಯ ನಡುವೆ ಕಳೆಯುವ ಮಕ್ಕಳನ್ನು ಭಾನುವಾರವಾದರೂ ಹೊರಗೆ ಕರೆದೊಯ್ಯಬೇಕೆಂಬ ಆಸೆ ಎಲ್ಲ ತಂದೆ-ತಾಯಿಯರಿಗೂ ಇರುತ್ತದೆ. ಆದರೆ ಆಟೋ ಬಾಡಿಗೆ, ಪ್ರವೇಶ ಶುಲ್ಕ, ಹೋಟೆಲ್ ಊಟ, ಕೊನೆಗೊಂದು ಬಲೂನು ಎಂದು ಲೆಕ್ಕ ಹಾಕಿದಾಗ ಆ ಆಸೆ ಮುಂದಿನ ವಾರಕ್ಕೆ ಹೋಗುತ್ತದೆ. ಮುಂದಿನ ವಾರವೂ ಅದೇ ಲೆಕ್ಕ.

ನಗರದ ನೈರುತ್ಯ ಅಂಚಿನಲ್ಲಿರುವ ದಟ್ಟಗಳ್ಳಿಯಂತಹ ಬಡಾವಣೆಗಳಲ್ಲಿ ಸಂಬಳವನ್ನು ನೆಚ್ಚಿಕೊಂಡು ಬದುಕುವ ಕುಟುಂಬಗಳು ಅನೇಕ. ಖಾಲಿ ನಿವೇಶನಗಳಲ್ಲಿ ಮನೆಗಳು ಎದ್ದಂತೆಲ್ಲ ಮಕ್ಕಳು ಆಡುತ್ತಿದ್ದ ಬಯಲೂ ಕಿರಿದಾಗುತ್ತದೆ. ಹೀಗಾಗಿ ಹೊರಾಂಗಣದ ಓಡಾಟವು ಹಿಂದಿನಂತೆ ತಾನಾಗಿಯೇ ಒದಗುವುದಿಲ್ಲ. ಅದನ್ನು ಯೋಜಿಸಬೇಕಾಗಿದೆ.

ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಗಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಆರಂಭವಾಗುವ ಸಂಭವ ಕಡಿಮೆ ಎಂಬುದನ್ನೂ ಅಧ್ಯಯನಗಳು ತೋರಿಸಿವೆ. ತೈವಾನ್ 2010ರಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಾಂಗಣದಲ್ಲಿ ಇರಿಸುವ ಕಾರ್ಯಕ್ರಮವನ್ನೇ ಆರಂಭಿಸಿತು.

ಮೊದಲು ಹತ್ತಿರದ ಕೆರೆ

ಖರ್ಚಿಲ್ಲದ ಮೊದಲ ತಾಣ ಮನೆಯ ಬಳಿಯಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕಾಲದ ಲಿಂಗಾಂಬುಧಿ ಕೆರೆ ದಟ್ಟಗಳ್ಳಿ, ರಾಮಕೃಷ್ಣನಗರ, ಶ್ರೀರಾಂಪುರ ಸುತ್ತಮುತ್ತಲಿನವರಿಗೆ ಸಮೀಪದ ದೊಡ್ಡ ಬಯಲು. ದಂಡೆಯ ಮೇಲೆ ನಡಿಗೆಯ ಹಾದಿಯಿದೆ. ನೀರುಕಾಗೆ, ಬೆಳ್ಳಕ್ಕಿ, ಗುಳುಮುಳುಕ, ಮಿಂಚುಳ್ಳಿ ಮುಂತಾದ ಹಕ್ಕಿಗಳನ್ನು ಇಲ್ಲಿ ಕಾಣಬಹುದು. ನವೆಂಬರ್‌ನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳ ಕಾಲ. ಬೆಳಿಗ್ಗೆ ಬೇಗನೆ ಹೋದಷ್ಟೂ ಹಕ್ಕಿಗಳು ಹೆಚ್ಚು, ಬಿಸಿಲು ಕಡಿಮೆ.

ಚಿಕ್ಕ ಮಕ್ಕಳಿಗೆ "ಸುಮ್ಮನೆ ನಡೆ" ಎಂದರೆ ಹತ್ತು ನಿಮಿಷಕ್ಕೇ ಬೇಸರ. "ಎಷ್ಟು ಬಗೆಯ ಹಕ್ಕಿ ಕಂಡೆ, ಎಣಿಸು" ಎಂದರೆ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಒಂದು ಹಳೆಯ ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು.

ಇನ್ನೊಂದು ಬೆಳಗ್ಗೆಗೆ ಕುಕ್ಕರಹಳ್ಳಿ ಕೆರೆ ಸೂಕ್ತ. 1864ರಲ್ಲಿ ನಿರ್ಮಾಣವಾದ, ಮಾನಸಗಂಗೋತ್ರಿಗೆ ಹೊಂದಿಕೊಂಡಿರುವ ಈ ಕೆರೆಯ ದಂಡೆಯಲ್ಲಿ ರಾಷ್ಟ್ರಕವಿ ಕುವೆಂಪು ಅಡ್ಡಾಡುತ್ತಿದ್ದರು. ಇಲ್ಲಿ ಹೆಜ್ಜಾರ್ಲೆಗಳನ್ನು ನೋಡುವ ಅವಕಾಶವಿದೆ. ಪೂರ್ತಿ ಸುತ್ತು ಪುಟ್ಟ ಕಾಲುಗಳಿಗೆ ದೂರವಾದೀತು; ಅರ್ಧ ದಾರಿಯಲ್ಲಿ ಹಿಂದಿರುಗಿದರೂ ನಷ್ಟವೇನಿಲ್ಲ.

ಬಸ್ಸಿನ ಲೆಕ್ಕ

ಹೊರಸಂಚಾರದ ಖರ್ಚಿನಲ್ಲಿ ಪ್ರಯಾಣದ ಪಾಲೇ ದೊಡ್ಡದು. ಇದನ್ನು ಇಳಿಸುವ ಸುಲಭ ಮಾರ್ಗವೆಂದರೆ ನಗರ ಸಾರಿಗೆ ಬಸ್. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಹಾಗೂ ಬಾಲಕಿಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 12 ವರ್ಷದ ಬಾಲಕರಿಗೆ ಅರ್ಧ ಟಿಕೆಟ್.

ಉದಾಹರಣೆಗೆ ತಂದೆ, ತಾಯಿ, 9 ವರ್ಷದ ಮಗಳು ಮತ್ತು 5 ವರ್ಷದ ಮಗ ಇರುವ ಕುಟುಂಬ ನಗರ ಬಸ್ ನಿಲ್ದಾಣಕ್ಕೆ ಹೋಗಿಬರಲು ಹಣ ತೆರಬೇಕಾದುದು ತಂದೆಯ ಟಿಕೆಟ್‌ಗೆ ಮಾತ್ರ. ತಾಯಿಯೊಬ್ಬರೇ ಮಗಳನ್ನು ಕರೆದುಕೊಂಡು ಹೊರಟರೆ ಅದೂ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜತೆಯಲ್ಲಿರಬೇಕು. ಹವಾನಿಯಂತ್ರಿತ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲವಾದ್ದರಿಂದ ಹತ್ತುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಒಂದು ದಿನಕ್ಕೆ ಒಂದೇ ಜಾಗ

ಬಸ್ ಹತ್ತಿದವರಿಗೆ ಶುಲ್ಕವಿಲ್ಲದ ತಾಣಗಳು ಹಲವಿವೆ. ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳ ಹಾದಿ ಅವುಗಳಲ್ಲೊಂದು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ನಂದಿ ಈ ಹಾದಿಯಲ್ಲಿಯೇ ಸಿಗುತ್ತದೆ. ಚಿಕ್ಕ ಮಕ್ಕಳಿದ್ದರೆ ಬಸ್ಸಿನಲ್ಲಿ ಮೇಲೇರಿ, ನಂದಿಯವರೆಗೆ ಮೆಟ್ಟಿಲಿಳಿಯುವುದು ಜಾಣತನ. ದೊಡ್ಡ ಮಕ್ಕಳು ಬುಡದಿಂದ ಹತ್ತಬಲ್ಲರು. ಅಂತಹವರು ಬೆಳಿಗ್ಗೆಯೇ ಹೊರಡಬೇಕು. ಕೋತಿಗಳಿರುವುದರಿಂದ ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬಾರದು.

ಭಾನುವಾರ ಹಾಗೂ ಸರ್ಕಾರಿ ರಜಾದಿನಗಳ ಸಂಜೆ 7ರ ವೇಳೆಗೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಬೆಳಗುತ್ತವೆ. ಬೇಲಿಯ ಹೊರಗೆ ನಿಂತು ನೋಡುವವರಿಗೆ ಟಿಕೆಟ್ಟಿನ ಅಗತ್ಯವೇ ಇಲ್ಲ. ದಸರಾ ಸಮಯದಲ್ಲಿ ಪ್ರತಿ ಸಂಜೆಯೂ ಈ ದೀಪಾಲಂಕಾರ ಇರುತ್ತದೆ.

ಶುಲ್ಕವಿರುವ ತಾಣಗಳನ್ನು ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಇಟ್ಟುಕೊಳ್ಳಬಹುದು. 1892ರಲ್ಲಿ ಆರಂಭವಾದ ಮೃಗಾಲಯ, ಅದರ ಪಕ್ಕದ ಕಾರಂಜಿ ಕೆರೆ, 1979ರಲ್ಲಿ ಸ್ಥಾಪನೆಯಾದ ರೈಲ್ವೆ ವಸ್ತುಸಂಗ್ರಹಾಲಯ ಇವು ಮಕ್ಕಳ ಮೆಚ್ಚಿನ ಸ್ಥಳಗಳು. ಮೃಗಾಲಯಕ್ಕೆ ಮಂಗಳವಾರ ರಜೆ. ದರಗಳು ಆಗಾಗ್ಗೆ ಪರಿಷ್ಕರಣೆಯಾಗುವುದರಿಂದ ಹಿಂದಿನ ದಿನವೇ ತಿಳಿದುಕೊಂಡರೆ ಟಿಕೆಟ್ ಕಿಟಕಿಯ ಮುಂದೆ ಮುಜುಗರವಾಗದು. ಮೃಗಾಲಯ ಮತ್ತು ಕಾರಂಜಿ ಕೆರೆ ಎರಡನ್ನೂ ಒಂದೇ ದಿನ ಮುಗಿಸುವ ಹಠ ಬೇಡ. ದಣಿದ ಮಗು ಅಳುತ್ತದೆ, ಅಳುವ ಮಗುವಿಗಾಗಿ ಆಟೋ ಹಿಡಿಯಬೇಕಾಗುತ್ತದೆ, ಉಳಿಸಿದ ಹಣ ಅಲ್ಲಿಗೆ ಹೋಗುತ್ತದೆ.

ಬುತ್ತಿಯ ಬಲ

ಹೊರಗಿನ ತಿಂಡಿಯ ಖರ್ಚಿಗೆ ಮನೆಯ ಬುತ್ತಿಯೇ ಉತ್ತರ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ, ಹೆಚ್ಚಿದ ಸೌತೆಕಾಯಿ ಮಧ್ಯಾಹ್ನದವರೆಗೆ ಚೆನ್ನಾಗಿರುತ್ತವೆ. ಮೃಗಾಲಯ ಪ್ಲಾಸ್ಟಿಕ್ ಮುಕ್ತ ವಲಯವಾದ್ದರಿಂದ ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯುವುದು ಲೇಸು. ಟೋಪಿ, ಒಂದು ಜತೆ ಬಟ್ಟೆ, ಕೊಡೆ ಚೀಲದಲ್ಲಿರಲಿ.

ಕೊಳ್ಳುವ ವಿಷಯದಲ್ಲಿ ಮನೆಯಲ್ಲಿಯೇ ಮಾತು ಆಗಿಬಿಡಬೇಕು. "ಇಂದು ಇಷ್ಟು ರೂಪಾಯಿ ನಿನ್ನದು, ಚುರುಮುರಿಯೋ ಬಲೂನೋ ನೀನೇ ಆರಿಸಿಕೋ" ಎಂದು ಮಗುವಿನ ಕೈಗೇ ಹಣ ಕೊಟ್ಟರೆ ರಸ್ತೆಯಲ್ಲಿ ಹಠ ಕಡಿಮೆಯಾಗುತ್ತದೆ. ಹಣದ ಬೆಲೆಯೂ ತಿಳಿಯುತ್ತದೆ.

ಉಚಿತವಾದುದು ಉಳಿಯಬೇಕಾದರೆ

ಕೆರೆಯ ದಂಡೆಗೆ ದರವಿಲ್ಲದಿರಬಹುದು, ಆದರೆ ಬೆಲೆಯಿಲ್ಲವೆಂದಲ್ಲ. ಸುತ್ತಲಿನ ಬಡಾವಣೆಗಳು ಬೆಳೆದಂತೆ ಮೈಸೂರಿನ ಕೆರೆಗಳಿಗೆ ಒಳಚರಂಡಿ ನೀರು ಸೇರುವ ದೂರು ಪದೇ ಪದೇ ಕೇಳಿಬಂದಿದೆ. ಕೆರೆ ಕೆಟ್ಟರೆ ಹಣವುಳ್ಳವರ ಮಕ್ಕಳು ರೆಸಾರ್ಟ್‌ಗೋ ಮಾಲ್‌ಗೋ ಹೋದಾರು. ಇಲ್ಲದವರ ಮಕ್ಕಳಿಗೆ ಉಳಿಯುವುದು ಮನೆಯ ನಾಲ್ಕು ಗೋಡೆ ಮಾತ್ರ. ತಂದ ಕಸವನ್ನು ಮರಳಿ ಚೀಲದಲ್ಲೇ ಒಯ್ಯುವುದು, ಹಕ್ಕಿಗಳಿಗೆ ಬ್ರೆಡ್ಡು-ಪುರಿ ಎಸೆಯದಿರುವುದು, ಕೊಳಚೆ ಕಂಡಾಗ ನಗರಪಾಲಿಕೆಗೆ ತಿಳಿಸುವುದು ಪ್ರತಿ ಕುಟುಂಬವೂ ಮಾಡಬಹುದಾದ ಕೆಲಸ.

ತಿಂಗಳಲ್ಲಿ ನಾಲ್ಕು ಭಾನುವಾರ. ಒಂದು ಕೆರೆಗೆ, ಒಂದು ಬೆಟ್ಟಕ್ಕೆ, ಒಂದು ಬಡಾವಣೆಯ ಉದ್ಯಾನಕ್ಕೆ, ಉಳಿದೊಂದು ಟಿಕೆಟ್ಟಿನ ತಾಣಕ್ಕೆ ಎಂದು ಹಂಚಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ, ಮುಂದೂಡುತ್ತಲೇ ಬಂದ ಹೊರಸಂಚಾರ ಈ ವಾರವೇ ಆರಂಭವಾಗಬಹುದು.